ಹಗ್ಗದ ತುಂಡು ಎತ್ತಿಟ್ಟವರಿಗೆ, ಒಂದು ಸಾಲು ಸರಿಯಾಗಿ ಬರೆದವರಿಗೆ

ಎತ್ತರದ ಕಟ್ಟಡದ ಗಾಜು ಒರೆಸುವಾಗ ಹಗ್ಗ ಹರಿದು ಬಿದ್ದ ನಮ್ಮ ಜೊತೆಗಾರನ ಪರಿಹಾರದ ಹಣ ಬಡ್ಡಿ ಸಮೇತ ನೌಕರರ ಪರಿಹಾರ ಆಯುಕ್ತರಲ್ಲಿ ಠೇವಣಿಯಾಗಿದೆ. ಅವನ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ. ಹೇಳಬೇಕಿರುವುದು ಧನ್ಯವಾದ, ಅದೂ ಯಾರಿಗೆ, ಯಾವ ಕೆಲಸಕ್ಕೆ ಎಂದು ಬಿಡಿಸಿ. ಈ ಕೇಸಿನ ಮುಕ್ಕಾಲು ಪಾಲು ತೀರ್ಮಾನವಾದದ್ದು ಮೊದಲ ಎರಡು ದಿನಗಳಲ್ಲಿ, ಕೋರ್ಟು ಕಚೇರಿಯ ಗಂಧವೇ ಇಲ್ಲದವರು ಮಾಡಿದ ಕೆಲಸಗಳಿಂದ.

ಮೊದಲೇ ಒಂದು ಮಾತು. ಈ ಅಪಘಾತ 2025ರ ನವೆಂಬರ್ 21ಕ್ಕಿಂತ ಹಿಂದಿನದು. ಹಾಗಾಗಿ ಕೆಳಗಿನ ಲೆಕ್ಕವೆಲ್ಲ 1923ರ ನೌಕರರ ಪರಿಹಾರ ಕಾಯ್ದೆಯದು. ಆ ದಿನದಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ನಂತರದ ಅಪಘಾತಗಳಿಗೆ ಸೆಕ್ಷನ್ ಸಂಖ್ಯೆಗಳು ಬೇರೆ, ಅರ್ಜಿ ಬರೆಸುವ ಮುಂಚೆ ಅದನ್ನು ನೋಡಿಕೊಳ್ಳಿ. ಸಾಕ್ಷ್ಯ ಕೂಡಿಸುವ ರೀತಿಯಲ್ಲಿ ಮಾತ್ರ ವ್ಯತ್ಯಾಸವಿಲ್ಲ.

ಆ ರಾತ್ರಿ ತುರ್ತು ಚಿಕಿತ್ಸೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಮೊದಲ ನಮಸ್ಕಾರ. ಕರೆದುಕೊಂಡು ಬಂದ ಮೇಸ್ತ್ರಿ 'ಮೆಟ್ಟಿಲಿನಿಂದ ಜಾರಿ ಬಿದ್ದ' ಎಂದು ಬರೆಸಲು ಹೊರಟಿದ್ದ. ಅವರು ಗಾಯಾಳುವನ್ನೇ ಕೇಳಿ ಬರೆದರು: ಕೆಲಸದ ವೇಳೆ, ಕಟ್ಟಡದ ಹೊರಗೋಡೆಯ ಗಾಜು ಒರೆಸುವಾಗ, ಹಗ್ಗ ಹರಿದು, ಇಂತಿಷ್ಟು ಎತ್ತರದಿಂದ, ಇಷ್ಟು ಗಂಟೆಗೆ. ಎಂಎಲ್‌ಸಿ ಪುಸ್ತಕದ (ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಆಸ್ಪತ್ರೆ ಬರೆದಿಡುವ ದಾಖಲೆ) ಈ ಸಾಲಿಗೆ ಇರುವ ಬೆಲೆ ಮುಂದಿನ ಹತ್ತು ಅಫಿಡವಿಟ್‌ಗಳಿಗೂ ಇಲ್ಲ. ಮೂರನೇ ಸೆಕ್ಷನ್ ಕೇಳುವುದು ಇಷ್ಟೇ: ಗಾಯ ಕೆಲಸದಿಂದ ಆದದ್ದೇ, ಕೆಲಸದ ಅವಧಿಯಲ್ಲಿ ಆದದ್ದೇ? ಮೊದಲ ದಾಖಲೆಯಲ್ಲಿ 'ಮನೆಯಲ್ಲಿ ಬಿದ್ದ' ಎಂದಿದ್ದರೆ ಆಮೇಲೆ ಹೇಳುವ ನಿಜವೆಲ್ಲ ಹಣದಾಸೆಗೆ ಕಟ್ಟಿದ ಕತೆಯಂತೆ ಕೇಳಿಸುತ್ತದೆ. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಜೊತೆಯಲ್ಲಿ ಹೋಗಬೇಕಾದವನು ಸಹಕಾರ್ಮಿಕ. ಮೇಸ್ತ್ರಿ ಒಬ್ಬನನ್ನೇ ಕಳಿಸಬೇಡಿ. ಡಿಸ್ಚಾರ್ಜ್ ಸಮರಿಯಲ್ಲೂ ಅದೇ ಸಾಲು ಬಂದಿದೆಯೇ ಎಂದು ಮನೆಗೆ ಹೊರಡುವ ಮುಂಚೆ ಓದಿ. ಅಲ್ಲಿ ತಪ್ಪಿದರೆ ಅವತ್ತೇ ತಿದ್ದಿಸಿಕೊಳ್ಳುವುದು ಸುಲಭ, ವರ್ಷದ ಮೇಲೆ ಯಾರೂ ಕೈ ಹಾಕುವುದಿಲ್ಲ.

ಎರಡನೆಯದು, ಹಗ್ಗ ಎತ್ತಿಟ್ಟ ಗೆಳೆಯನಿಗೆ. ಅಪಘಾತವಾದ ಅರ್ಧ ಗಂಟೆಯಲ್ಲಿ ಸೈಟು ಗುಡಿಸಿ ಚೊಕ್ಕ ಮಾಡುವುದು ಈ ಕಸುಬಿನ ಕೆಟ್ಟ ವಾಡಿಕೆ. ಅವನು ಅದಕ್ಕೆ ಬಿಡಲಿಲ್ಲ. ಮೇಲೆ ಕಟ್ಟಿದ ಕಡೆಯಲ್ಲಿ ಉಳಿದ ತುಂಡು, ಕೆಳಗೆ ಬಿದ್ದ ತುಂಡು, ಎರಡೂ ಬೇಕು. ಹರಿದ ತುದಿಯೇ ಕಾರಣ ಹೇಳುತ್ತದೆ. ಪ್ಯಾರಪೆಟ್‌ನ ಚೂಪು ಅಂಚಿಗೆ ಉಜ್ಜಿ ಹರಿದಿದ್ದರೆ ಎಳೆಗಳು ಒಂದೇ ಮಗ್ಗುಲಿನಲ್ಲಿ ಸವೆದಿರುತ್ತವೆ, ಆ ಜಾಗದಲ್ಲಿ ಹಗ್ಗದ ಕೆಳಗೆ ರಕ್ಷಣೆಯ ಪಟ್ಟಿ ಹಾಕಿರಲಿಲ್ಲ ಎಂದರ್ಥ. ಎಳೆಗಳು ಬಣ್ಣಗೆಟ್ಟು ಪುಡಿಪುಡಿಯಾಗಿದ್ದರೆ ಆಮ್ಲವನ್ನು ಅನುಮಾನಿಸಬೇಕು. ನೈಲಾನ್ ಹಗ್ಗವನ್ನು ಆಮ್ಲ ತಿನ್ನುತ್ತದೆ, ಪಾಲಿಯೆಸ್ಟರನ್ನು ಗಟ್ಟಿ ಕ್ಷಾರ ತಿನ್ನುತ್ತದೆ. ಸಿಮೆಂಟಿನ ಕಲೆ, ಗಡಸು ನೀರಿನ ಕಲೆ ತೆಗೆಯುವ ದ್ರವ ಗಾಜಿನಿಂದ ಇಳಿದು ಹಗ್ಗಕ್ಕೆ ತಾಗುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಅದಕ್ಕೇ ಆ ಡಬ್ಬವನ್ನೂ ಲೇಬಲ್ ಸಮೇತ ಇಟ್ಟುಕೊಳ್ಳಬೇಕು.

ಹಗ್ಗ ತೊಳೆಯಬಾರದು, ಗಂಟು ಬಿಚ್ಚಬಾರದು, ಬಿಸಿಲಿಗೆ ಹಾಕಬಾರದು. ಒಣ ಬಟ್ಟೆಯ ಚೀಲದಲ್ಲಿಟ್ಟು, ದಿನಾಂಕ ಬರೆದು, ಇಬ್ಬರ ಸಹಿ ಹಾಕಿಸಿ. ಪೊಲೀಸರು ಬಂದಾಗ ಸ್ಥಳ ಮಹಜರಿನಲ್ಲಿ ಅದನ್ನು ನಮೂದಿಸುವಂತೆ ಕೇಳಿ. ಪಂಚರ ಸಹಿ ಬಿದ್ದರೆ 'ಇದು ಬೇರೆ ಹಗ್ಗ' ಎಂಬ ವಾದಕ್ಕೆ ಜಾಗವಿಲ್ಲ. ಇನ್ನು ಫೋಟೋ: ಹಗ್ಗ ಕಟ್ಟಿದ್ದ ಜಾಗದ್ದು, ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಅಳತೆಯ ಟೇಪಿಟ್ಟು ಇನ್ನೊಂದು. ಕೆಲಸದ ಹಗ್ಗ, ರಕ್ಷಣೆಯ ಹಗ್ಗ ಎರಡೂ ಬೇರೆ ಬೇರೆ ಆಧಾರಕ್ಕೆ ಕಟ್ಟಿರಬೇಕು. ಎರಡನ್ನೂ ಒಂದೇ ನೀರಿನ ಪೈಪಿಗೋ ಎಸಿ ಸ್ಟ್ಯಾಂಡಿಗೋ ಬಿಗಿದಿದ್ದರೆ ಎರಡನೆಯದು ಹೆಸರಿಗೆ ಮಾತ್ರ. ಸೊಂಟದ ಬೆಲ್ಟೋ, ಮೈಪೂರ್ತಿ ಹಾರ್ನೆಸ್ಸೋ ಎಂಬುದೂ ಫೋಟೋದಲ್ಲಿ ಕಾಣಬೇಕು. ಹಾರ್ನೆಸ್‌ನ ಚೀಟಿಯಲ್ಲಿ ಐಎಸ್ 3521 (ಸುರಕ್ಷತಾ ಬೆಲ್ಟು, ಹಾರ್ನೆಸ್‌ಗಳ ಭಾರತೀಯ ಮಾನದಂಡ) ಗುರುತು, ತಯಾರಾದ ತಿಂಗಳು, ಸೀರಿಯಲ್ ನಂಬರ್ ಇದ್ದರೆ ಅದನ್ನೂ ತೆಗೆಯಿರಿ.

ಇಷ್ಟೆಲ್ಲ ಏಕೆಂದರೆ, ಎದುರು ಪಕ್ಷದ ಮೊದಲ ಮಾತೇ 'ಬೆಲ್ಟ್ ಹಾಕಿರಲಿಲ್ಲ, ಅವನದೇ ತಪ್ಪು'. ಈ ಕಾಯ್ದೆಯಲ್ಲಿ ಬರೀ ಅಜಾಗರೂಕತೆ ಪರಿಹಾರಕ್ಕೆ ಅಡ್ಡಿಯಲ್ಲ. ಕುಡಿದಿದ್ದ, ಅಥವಾ ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ, ಕೊಟ್ಟ ಸಾಧನವನ್ನು ಬೇಕೆಂದೇ ತೆಗೆದ ಎಂದು ಮಾಲೀಕ ರುಜುವಾತು ಮಾಡಬೇಕು. ಸಾಧನವನ್ನೇ ಕೊಡದವನು ಅದನ್ನು ಹೇಗೆ ಮಾಡಿಯಾನು? ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಲ್ಲಂತೂ ಈ ತಕರಾರು ಎತ್ತುವ ಹಾಗೇ ಇಲ್ಲ.

ಗೇಟಿನ ಸೆಕ್ಯುರಿಟಿ ಅಣ್ಣನಿಗೆ ಮೂರನೇ ನಮಸ್ಕಾರ. ಆ ದಿನದ ಒಳಬಂದವರ ರಿಜಿಸ್ಟರ್ ಪುಟದ ಫೋಟೋ ಕೊಟ್ಟವರು ಅವರೇ. ಹೆಸರು, ಬಂದ ಸಮಯ, ಯಾವ ಏಜೆನ್ಸಿ, ಎಲ್ಲ ಅದರಲ್ಲಿತ್ತು. ನಮ್ಮ ಕಸುಬಿನಲ್ಲಿ ನೇಮಕಾತಿ ಪತ್ರ ಎಂಬುದೇ ಇಲ್ಲ. ಕಟ್ಟಡದವರು ಹೌಸ್‌ಕೀಪಿಂಗ್ ಕಂಪನಿಗೆ ಕೊಡುತ್ತಾರೆ, ಅವರು ಹಗ್ಗದ ಕೆಲಸವನ್ನು ಸಬ್ ಕಾಂಟ್ರಾಕ್ಟಿಗೆ ಕೊಡುತ್ತಾರೆ, ಅವನು ಮೇಸ್ತ್ರಿಗೆ ಹೇಳುತ್ತಾನೆ. ಬಿದ್ದ ಮೇಲೆ ಎಲ್ಲರದೂ ಒಂದೇ ಉತ್ತರ: 'ಅವನು ನಮ್ಮವನಲ್ಲ.' ಇದಕ್ಕೆ 12ನೇ ಸೆಕ್ಷನ್ ಇದೆ. ತನ್ನ ಮಾಮೂಲಿ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೂ ಪರಿಹಾರಕ್ಕೆ ಹೊಣೆ. ಕೊಟ್ಟ ಹಣವನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವನ ಪಾಡು. ಗಾಜು ಒರೆಸುವುದು ಹೌಸ್‌ಕೀಪಿಂಗ್ ಕಂಪನಿಯ ಮಾಮೂಲಿ ವ್ಯವಹಾರವೇ, ಅಲ್ಲಿ ವಾದ ಗಟ್ಟಿ. ಕಟ್ಟಡದ ಮಾಲೀಕನ ವ್ಯವಹಾರ ಬೇರೆಯಾಗಿದ್ದರೆ ಅವನ ಮೇಲೆ ಈ ಸೆಕ್ಷನ್ ಹೊರಿಸುವುದು ಕಷ್ಟ. ಆದರೂ ಅರ್ಜಿಯಲ್ಲಿ ಎಲ್ಲರನ್ನೂ, ವಿಮಾ ಕಂಪನಿಯನ್ನೂ, ಪಕ್ಷಗಾರರಾಗಿ ಸೇರಿಸಿ. ವರ್ಕ್ ಆರ್ಡರ್, ವಿಮಾ ಪಾಲಿಸಿ ಅವರ ಬೀರುವಿನಲ್ಲಿರುತ್ತವೆ, ಅವನ್ನು ಹಾಜರುಪಡಿಸಲು ಆದೇಶಿಸುವ ಅಧಿಕಾರ ಆಯುಕ್ತರಿಗಿದೆ. ಪಾಲಿಸಿ ಬಂದಾಗ ಕೆಲಸದ ವಿವರಣೆ ಓದಿ. ಪ್ರೀಮಿಯಂ ಉಳಿಸಲು 'ನೆಲಮಟ್ಟದ ಸ್ವಚ್ಛತೆ' ಎಂದು ಬರೆಸಿದ್ದರೆ ವಿಮೆಯವರು ಜಾರಿಕೊಳ್ಳಲು ನೋಡುತ್ತಾರೆ.

'ಗಾಜು ಒರೆಸುವವನು ಈ ಕಾಯ್ದೆಯ ನೌಕರನೇ ಅಲ್ಲ' ಎಂಬ ವಾದವೂ ಬರುತ್ತದೆ. ಕಾಯ್ದೆಯಡಿ ಬರುವ ಕೆಲಸಗಳ ಪಟ್ಟಿಯಾದ ಎರಡನೇ ಅನುಸೂಚಿ ತೆರೆದು ತೋರಿಸಿ: ಒಂದಕ್ಕಿಂತ ಹೆಚ್ಚು ಅಂತಸ್ತಿನ, ಅಥವಾ ನೆಲದಿಂದ ಚಾವಣಿಯ ತುದಿಗೆ 12 ಅಡಿ ಇಲ್ಲವೇ ಅದಕ್ಕೂ ಹೆಚ್ಚಿರುವ ಕಟ್ಟಡದ ನಿರ್ಮಾಣ, ನಿರ್ವಹಣೆ, ದುರಸ್ತಿ.

ಬ್ಯಾಂಕ್ ಪಾಸ್‌ಬುಕ್ ಪ್ರಿಂಟ್ ಹಾಕಿಸಿ, ಫೋನಿನಲ್ಲಿದ್ದ ಯುಪಿಐ ಸಂದೇಶಗಳನ್ನೆಲ್ಲ ಸಾಲಾಗಿ ಜೋಡಿಸಿಕೊಟ್ಟ ಅವನ ತಂಗಿಗೆ ಎಷ್ಟು ಹೇಳಿದರೂ ಸಾಲದು. ಲೆಕ್ಕ ನೋಡಿ, ಅರ್ಥವಾಗುತ್ತದೆ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು, ಸಾವಿಗೆ ಶೇ. 50. ಕೂಲಿ ಎಷ್ಟೇ ಇರಲಿ, 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ರೂಪಾಯಿ. 30 ವರ್ಷದವನ ಗುಣಾಂಕ 207.98. 15,000ದ ಶೇ. 60 ಎಂದರೆ 9,000. ಗುಣಿಸಿದರೆ 18,71,820 ರೂಪಾಯಿ. ದುಡಿಮೆಯ ಶಕ್ತಿ ಶೇ. 40 ಕುಂದಿದೆ ಎಂದಾದರೆ ಅದರಲ್ಲಿ ಶೇ. 40, ಅಂದರೆ 7,48,728. ಕಾಂಟ್ರಾಕ್ಟರ್ ತೋರಿಸಿದ ಹಾಳೆಯಲ್ಲಿ ಕೂಲಿ 9,000 ಎಂದಿದ್ದು, ಅದನ್ನು ಸುಳ್ಳು ಮಾಡುವ ಕಾಗದ ನಮ್ಮ ಕೈಯಲ್ಲಿ ಇಲ್ಲದಿದ್ದರೆ? ಅದೇ ಗಾಯ, ಅದೇ ವಯಸ್ಸು, ಸಿಗುವುದು ಸುಮಾರು 4,49,237. ಮೂರು ಲಕ್ಷದ ಹತ್ತಿರ ವ್ಯತ್ಯಾಸ. ದಿನಗೂಲಿ ಕೈಗೆ ಕೊಡುತ್ತಿದ್ದರೆ ವಾರಕ್ಕೊಮ್ಮೆಯಾದರೂ ಯುಪಿಐಗೆ ಹಾಕಿಸಿಕೊಳ್ಳಿ, ಹಾಜರಿ ಪುಸ್ತಕದ ಫೋಟೋ ತೆಗೆದಿಡಿ. ವಯಸ್ಸಿನ ದಾಖಲೆಯನ್ನೂ ಹಗುರವಾಗಿ ಕಾಣಬೇಡಿ, 35ಕ್ಕೆ ಗುಣಾಂಕ 197.06ಕ್ಕೆ ಇಳಿಯುತ್ತದೆ.

ಚಿಕಿತ್ಸೆ ನಡೆಯುತ್ತಿದ್ದಾಗಿನ ತಾತ್ಕಾಲಿಕ ಅಂಗವೈಕಲ್ಯಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25, ಗರಿಷ್ಠ ಐದು ವರ್ಷ. ಆಸ್ಪತ್ರೆಯ ನಿಜ ಖರ್ಚು ಪರಿಹಾರದ ಹೊರಗೆ, ಬೇರೆಯಾಗಿ ಮಾಲೀಕನೇ ಕೊಡಬೇಕು. ಔಷಧಿ ಅಂಗಡಿಯ ಚೀಟಿಗಳ ಅಕ್ಷರ ಬೇಗ ಅಳಿಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಮೂಳೆ ತಜ್ಞರ ಉಪಕಾರ ದೊಡ್ಡದು. ಹಿಮ್ಮಡಿ, ಬೆನ್ನುಮೂಳೆಯ ಮುರಿತಗಳು, ಯಾವ ಗಾಯಕ್ಕೆ ದುಡಿಮೆಯ ಶಕ್ತಿ ಶೇಕಡಾ ಎಷ್ಟು ನಷ್ಟ ಎಂದು ಹೇಳುವ ಮೊದಲ ಅನುಸೂಚಿಯ ಪಟ್ಟಿಯಲ್ಲಿ ಇಲ್ಲ. ಅಲ್ಲಿರುವುದು ಹೆಬ್ಬೆರಳು ಹೋದರೆ ಶೇ. 30, ಒಂದು ಕಣ್ಣು ಹೋದರೆ ಶೇ. 40 ಎಂಬಂಥವು. ಪಟ್ಟಿಯಲ್ಲಿಲ್ಲದ ಗಾಯಕ್ಕೆ ದುಡಿಮೆಯ ಶಕ್ತಿ ಎಷ್ಟು ಕುಂದಿದೆ ಎಂದು ಅರ್ಹ ವೈದ್ಯರು ಹೇಳಬೇಕು. ಬಹಳ ಸರ್ಟಿಫಿಕೇಟುಗಳು ಇಲ್ಲೇ ಎಡವುತ್ತವೆ: 'ಕಾಲಿನ ವೈಕಲ್ಯ ಶೇ. 20' ಎಂದು ಬರೆದು ನಿಲ್ಲಿಸುತ್ತವೆ. ನಮ್ಮ ಡಾಕ್ಟರು ಅಷ್ಟಕ್ಕೆ ನಿಲ್ಲಿಸದೆ, ಏಣಿ ಹತ್ತಲಾರ, ಹಗ್ಗದಲ್ಲಿ ತೂಗಾಡಿ ಪಾದ ಗೋಡೆಗೊತ್ತಲಾರ, ಭಾರದ ಬಕೆಟ್ ಹೊರಲಾರ ಎಂದು ಕೆಲಸಕ್ಕೆ ಜೋಡಿಸಿ ಬರೆದರು, ಸಾಕ್ಷಿ ಹೇಳಲು ಖುದ್ದಾಗಿ ಬಂದು ಪಾಟಿ ಸವಾಲಿಗೂ ಉತ್ತರಿಸಿದರು. 1976ರ ಸುಪ್ರೀಂ ಕೋರ್ಟ್ ವರದಿಗಳಲ್ಲಿರುವ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಇದಕ್ಕೆ ಬೆನ್ನೆಲುಬು. ಎಡಗೈ ಮೊಣಕೈ ಮೇಲಿನಿಂದ ಕಳೆದುಕೊಂಡ ಬಡಗಿ ಬಡಗಿ ಕೆಲಸವನ್ನು ಮಾಡಲಾರ, ಹಾಗಾಗಿ ನಷ್ಟ ಪೂರ್ಣ ಎಂದು ಅಲ್ಲಿ ತೀರ್ಮಾನವಾಯಿತು. ಮಾಲೀಕನ ಹೊಣೆ ಅಪಘಾತದ ದಿನವೇ ಹುಟ್ಟುತ್ತದೆ ಎಂದೂ ಅದೇ ತೀರ್ಪು ಹೇಳುತ್ತದೆ. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದ್ದರೆ ಶೇ. 50ರವರೆಗೆ ದಂಡ. ಮೇಲಿನ 7,48,728ಕ್ಕೆ ವರ್ಷದ ಬಡ್ಡಿಯೇ 89,847 ರೂಪಾಯಿ. ವಾಯಿದೆ ಕೇಳುತ್ತಾ ಹೋದವರಿಗೆ ಈ ಅಂಕಿ ತಡವಾಗಿ ಹೊಳೆಯಿತು.

ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೇ ಛಾಪಾ ಕಾಗದ ತಂದು, ಐವತ್ತು ಸಾವಿರ ಮುಂದಿಟ್ಟು, 'ಇನ್ನೇನೂ ಬಾಕಿ ಇಲ್ಲ' ಎಂದು ಸಹಿ ಕೇಳಿದಾಗ ಒಲ್ಲೆ ಎಂದ ಅವನ ಅಮ್ಮನಿಗೆ ಕೈ ಮುಗಿಯುತ್ತೇವೆ. ಒಂದು ವೇಳೆ ಸಹಿ ಹಾಕಿದವರಿದ್ದರೂ ಎದೆಗುಂದಬೇಡಿ. ಹಕ್ಕು ಬಿಟ್ಟುಕೊಡುವ ಒಪ್ಪಂದ 17ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ, ರಾಜಿಯಾದರೂ ಆಯುಕ್ತರಲ್ಲಿ ನೋಂದಣಿಯಾಗಬೇಕು, ಮೊತ್ತ ಕಡಿಮೆ ಎನಿಸಿದರೆ ಅವರು ನೋಂದಣಿಗೆ ಒಪ್ಪದಿರಬಹುದು.

ಫೀಸಿನ ಮಾತೆತ್ತದೆ ಕಾಗದ ನೋಡಿದ ವಕೀಲರು ಮೊದಲು ಕೇಳಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಬಗ್ಗೆ. ಎಲ್ಲರೂ ಅಲ್ಲಿಂದಲೇ ಶುರು ಮಾಡಬೇಕು. ಇಎಸ್‌ಐ ವಿಮಾದಾರನಾಗಿದ್ದರೆ ಆಗಿನ ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಪರಿಹಾರ ಕಾಯ್ದೆಯ ಅರ್ಜಿ ನಿಲ್ಲುವುದಿಲ್ಲ, ಸೌಲಭ್ಯ ಇಎಸ್‌ಐಯಿಂದಲೇ. ಅಲ್ಲಿ ಮಾಲೀಕ ಫಾರಂ 12ರಲ್ಲಿ ಅಪಘಾತದ ವರದಿ ಕೊಡಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಿದ್ದರೂ ಅಂಗವೈಕಲ್ಯದ ಸೌಲಭ್ಯ ಉಂಟು, ಇಷ್ಟು ತಿಂಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ನಮ್ಮವನ ಹೆಸರು ಅಲ್ಲಿರಲಿಲ್ಲ, ಅದಕ್ಕೇ ಆಯುಕ್ತರ ದಾರಿ. ಎರಡು ವರ್ಷದೊಳಗೆ ಅರ್ಜಿ, ಅದಕ್ಕೂ ಮುಂಚೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿಸಿ ನೋಟಿಸ್. ಅಪಘಾತವಾದ ಊರಿಗೇ ಅಲೆಯಬೇಕಿಲ್ಲ, ಗಾಯಾಳು ವಾಸವಿರುವ ಜಾಗದ ಆಯುಕ್ತರಲ್ಲೂ ಹಾಕಬಹುದು. ದೂರದ ಜಿಲ್ಲೆಗಳಿಂದ ಬಂದ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

ಆಮ್ಲ ತಾಗಿದ ಗಾಯಗಳ ಬಗ್ಗೆ ಎರಡು ಮಾತು, ಬೀಳುವುದರ ಗದ್ದಲದಲ್ಲಿ ಇವು ಮರೆತುಹೋಗುತ್ತವೆ. ಕಲೆ ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ತೆಳುವಾಗಿದ್ದರೆ ತಾಗಿದ ಕೂಡಲೇ ನೋವಾಗದೆ ಗಂಟೆಗಟ್ಟಲೆ ಬಿಟ್ಟು ಶುರುವಾಗಬಹುದು, ಅಷ್ಟರಲ್ಲಿ ಒಳಗೆ ಇಳಿದಿರುತ್ತದೆ. ಧಾರಾಳ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ, ಡಬ್ಬ ತೋರಿಸಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇದರ ಮದ್ದು. ರಾತ್ರಿ ಮನೆಯಲ್ಲಿ ಉರಿ ಎದ್ದರೂ ಕೇಸ್ ಶೀಟಿನಲ್ಲಿ 'ಹಗಲು ಕೆಲಸದಲ್ಲಿ ತಾಗಿದ್ದು' ಎಂದೇ ಬರೆಸಿ.

ಕೊನೆಯದಾಗಿ ಸಾಕ್ಷಿ ಹೇಳಿದ ಇಬ್ಬರು ಹಗ್ಗದ ಜೊತೆಗಾರರಿಗೆ. ಅದಾದ ಮೇಲೆ ಆ ಕಾಂಟ್ರಾಕ್ಟರ್ ಇವರಿಗೆ ಕೆಲಸ ಕೊಟ್ಟಿಲ್ಲ. ಸುರಕ್ಷಿತವಾಗಿ ಹಗ್ಗ ಕಟ್ಟಲು ಬಲ್ಲ ಕೈಗಳು ಬೇಕಿರುವವರು ದಯವಿಟ್ಟು ಇವರನ್ನು ಕರೆಯಿರಿ. ಎದುರು ಪಕ್ಷದವರು ಹೈಕೋರ್ಟಿಗೆ ಹೋಗಲು ಆದೇಶದ ದಿನದಿಂದ 60 ದಿನ ಇದೆ, ಆದರೆ ಮೊತ್ತ ಠೇವಣಿ ಇಡದೆ ಮಾಲೀಕನ ಮೇಲ್ಮನವಿ ನಡೆಯುವುದಿಲ್ಲ. ಇಲ್ಲಿ ಠೇವಣಿ ಈಗಾಗಲೇ ಆಗಿದೆ. ಹಣ ಬಿಡುಗಡೆಯ ಅರ್ಜಿಗೆ ಆಧಾರ್, ಅವನ ಹೆಸರಿನದೇ ಬ್ಯಾಂಕ್ ಖಾತೆಯ ಪಾಸ್‌ಬುಕ್, ಆದೇಶದ ದೃಢೀಕೃತ ಪ್ರತಿ ಸಿದ್ಧವಾಗಿವೆ.