ಮೋಡೆಮ್ ಬಿಡಿ, ಕಂಬದ ಮೇಲಿನ ಜಾಯಿಂಟ್ ನೋಡಿ

ಇಂದ:
ನಿಮ್ಮ ಬ್ರಾಡ್‌ಬ್ಯಾಂಡ್ ಗ್ರಾಹಕಿ,
ಬ್ರಹ್ಮಪುರ, ಕಲಬುರಗಿ

ಗೆ:
ವ್ಯವಸ್ಥಾಪಕರು,
ಲ್ಯಾಂಡ್‌ಲೈನ್ ಮತ್ತು ಬ್ರಾಡ್‌ಬ್ಯಾಂಡ್ ವಿಭಾಗ,
ಕಲಬುರಗಿ

ವಿಷಯ: ಲೈನ್ ನೋಡದೆಯೇ ದೂರು ಮುಚ್ಚುತ್ತಿರುವ ಬಗ್ಗೆ; ಹೊರಗಿನ ವೈರಿಂಗ್ ದುರಸ್ತಿ ಹಾಗೂ ಬಾಡಿಗೆ ಕಡಿತ ಕೋರಿ.

ಮಾನ್ಯರೇ,

ನಮ್ಮ ಮನೆಯ ಲ್ಯಾಂಡ್‌ಲೈನ್ ಮೇಲೆ ನಿಮ್ಮ 8 ಎಂಬಿಪಿಎಸ್ ಪ್ಲಾನ್ ಇದೆ. ಬಿಲ್ ತಪ್ಪದೆ ಕಟ್ಟುತ್ತೇವೆ. ಸ್ಪೀಡ್ ಮಾತ್ರ ಹಗಲು 2ರ ಆಸುಪಾಸು, ಸಂಜೆ ಆದ ಮೇಲೆ 1ಕ್ಕೂ ಕೆಳಗೆ. ಮಳೆ ಬಂದರೆ ಅದೂ ಇಲ್ಲ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲ ಡಾಕೆಟ್ ನಂಬರ್ ಬರುತ್ತದೆ, ಅದರ ಹಿಂದೆಯೇ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಮೆಸೇಜೂ ಬರುತ್ತದೆ. ಯಾರು ಬಂದರು, ಏನು ಮಾಡಿದರು, ಒಂದೂ ಗೊತ್ತಾಗುವುದಿಲ್ಲ. ಅದಕ್ಕೇ ಈ ಸಲ ಬರೆದು ಕೊಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಆದರೂ ಪೂರ್ತಿ ಓದಿ. ಯಾಕೆಂದರೆ ತೊಂದರೆ ಎಲ್ಲಿದೆ ಅನ್ನುವುದನ್ನೂ ಇದರಲ್ಲೇ ಬರೆದಿದ್ದೇನೆ.

ನಾನು ಮನೆಯಲ್ಲೇ ಕೂತು ಗಂಜ್ ಮಾರುಕಟ್ಟೆಯ ಕೆಲವು ತೊಗರಿ ವ್ಯಾಪಾರಿಗಳ, ದಾಲ್ ಮಿಲ್‌ನವರ ಲೆಕ್ಕ ನೋಡುತ್ತೇನೆ. ತಿಂಗಳ 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ರಿಟರ್ನ್ ಹೋಗಬೇಕು, 20ರೊಳಗೆ ತೆರಿಗೆ ಲೆಕ್ಕದ 3ಬಿ ಹೋಗಬೇಕು. ತಡವಾದರೆ ದಂಡ ಬೀಳುವುದು ವ್ಯಾಪಾರಿಗೆ, ಬೈಗುಳ ಬೀಳುವುದು ನನಗೆ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಕಥೆ ಇನ್ನೂ ಬೇರೆ. ಮಿಲ್ ಮುಂದೆ ಲಾರಿ ಲೋಡ್ ಆಗಿ ನಿಂತಿರುತ್ತದೆ, ಡ್ರೈವರ್ ಎರಡನೇ ಚಹಾ ಕುಡಿದು ಮುಗಿಸಿರುತ್ತಾನೆ, ನನ್ನ ಕಂಪ್ಯೂಟರಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಈಗ ಮೊಬೈಲ್ ಡೇಟಾ ಹಾಕಿಸಿಕೊಂಡು ಕೆಲಸ ಸಾಗಿಸುತ್ತಿದ್ದೇನೆ. ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು.

ನಿಮ್ಮ ಕಾಲ್ ಸೆಂಟರಿನವರ ಉತ್ತರ ನನಗೆ ಬಾಯಿಪಾಠ ಆಗಿದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ. ವೈಫೈ ಹತ್ತಿರ ಕೂತುಕೊಳ್ಳಿ. ಒಬ್ಬರಂತೂ 8 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 8 ಎಂಬಿ ಅಲ್ಲ ಮೇಡಂ ಎಂದು ಪಾಠ ಹೇಳಿದರು. ಅದು ನನಗೂ ಗೊತ್ತು. 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 1 ಎಂಬಿ. ಆ ಲೆಕ್ಕದಲ್ಲೇ 100 ಎಂಬಿ ಫೈಲ್ ಎರಡು ನಿಮಿಷದೊಳಗೆ ಇಳಿಯಬೇಕಲ್ವಾ? ನಮ್ಮಲ್ಲಿ ಹಗಲು ಹೊತ್ತಲ್ಲೇ ಏಳು ನಿಮಿಷ ಹಿಡಿಯುತ್ತದೆ. ರಾತ್ರಿಯದು ಕೇಳಲೇಬೇಡಿ.

ವೈಫೈ ಮಾತು ಅರ್ಧ ನಿಜ. ನಮ್ಮದು ಹಳೇ ಮನೆ, ದಪ್ಪ ಕಲ್ಲಿನ ಗೋಡೆ, ಒಳಕೋಣೆಗೆ ಸಿಗ್ನಲ್ ಹೋಗುವುದಿಲ್ಲ. ಹಾಗಾಗಿ ನಾನು ವೈಫೈ ಮೇಲೆ ಸ್ಪೀಡ್ ನೋಡಿಯೇ ಇಲ್ಲ. ಕಂಪ್ಯೂಟರಿಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ, ಮನೆಯವರೆಲ್ಲರ ಮೊಬೈಲಿನ ವೈಫೈ ಬಂದ್ ಮಾಡಿಸಿ ನೋಡಿದ ಅಂಕಿಗಳೇ ಮೇಲಿನವು.

ಇನ್ನು ಮನೆಯೊಳಗಿನ ಫೋನ್ ವೈರಿಂಗ್. ಮಾವನವರ ಕಾಲದಲ್ಲಿ ಮಾಳಿಗೆ ಮೇಲಿನ ಕೋಣೆಗೆ ಒಂದು ಪ್ಯಾರಲಲ್ ಫೋನ್ ಎಳೆಸಿದ್ದರು. ಫೋನ್ ಹೋಗಿ ವರ್ಷಗಳಾದವು, ತಂತಿ ಮಾತ್ರ ಹಾಗೇ ಇತ್ತು. ಹೀಗೆ ತುದಿ ಬಿಟ್ಟ ತಂತಿ ಲೈನಿಗೆ ಕೂಡಿಕೊಂಡಿದ್ದರೆ ನೆಟ್ಟಿನ ಸಿಗ್ನಲ್ ಅದರೊಳಗೆ ಹೋಗಿ, ತುದಿಗೆ ತಾಗಿ ವಾಪಸ್ ಬಂದು ಅಸಲಿ ಸಿಗ್ನಲ್ಲನ್ನು ಕೆಡಿಸುತ್ತದೆ. ಅದನ್ನು ಗೋಡೆಯ ಮೇಲೆ ಫೋನ್ ತಂತಿ ಕೂಡಿಸುವ ರೋಸೆಟ್ ಬಾಕ್ಸಿನಲ್ಲೇ ಬಿಚ್ಚಿಸಿದೆ. ಸ್ಪ್ಲಿಟರ್ ಹೊಸದು ಹಾಕಿಸಿದೆ. ಮಿಲ್ಲಿನ ಜರಡಿ ಬೇಳೆ ಬೇರೆ, ನುಚ್ಚು ಬೇರೆ ಮಾಡುವ ಹಾಗೆ ಈ ಚಿಕ್ಕ ಡಬ್ಬಿ 4 ಕಿಲೋಹರ್ಟ್ಸ್‌ವರೆಗಿನ ಮಾತನ್ನು ಫೋನಿಗೂ, ಅದರ ಮೇಲಿನ ನೆಟ್ಟನ್ನು ಮೋಡೆಮಿಗೂ ಕಳಿಸುತ್ತದೆ. ಜರಡಿ ಹೊಸದಾದರೂ ಗುಣ ಬರಲಿಲ್ಲ. ಕೊನೆಗೆ ಮನೆಯ ವೈರಿಂಗ್ ಪೂರ್ತಿ ಕಳಚಿ, ಕಂಬದಿಂದ ಬರುವ ತಂತಿ ಬಾಗಿಲ ಬಳಿ ಒಳಗೆ ಬರುವ ಜಾಗದಲ್ಲೇ ಮೋಡೆಮ್ ಕೂಡಿಸಿ ನೋಡಿದೆವು. ಪಕ್ಕದ ಮನೆಯವರ ಮೋಡೆಮ್ ಕೇಳಿ ತಂದು ಅದನ್ನೂ ಕೂಡಿಸಿದೆವು. ಅದೇ ಹಾಡು. ಅಂದರೆ ನಮ್ಮ ಬಾಗಿಲಿನ ಒಳಗೆ ತೊಂದರೆ ಇಲ್ಲ.

ಹಾಗಾದರೆ ಎಲ್ಲಿ? ನಮ್ಮ ಓಣಿಯಲ್ಲಿ ಟೆಲಿಫೋನ್ ಲೈನ್‌ಮ್ಯಾನ್ ಆಗಿ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಕರೆದಾಗ ಬಂದರು. ನೆಟ್ ಸುದ್ದಿ ಕೇಳಲೇ ಇಲ್ಲ, ಮೊದಲು ರಿಸೀವರ್ ಎತ್ತಿ ಒಂದು ನಂಬರ್ ಒತ್ತಿ ಕಿವಿಗೆ ಹಿಡಿದರು. ಡಯಲ್ ಟೋನ್ ನಿಂತ ಮೇಲೆ ಲೈನ್ ನಿಶ್ಶಬ್ದ ಇರಬೇಕು. ನಮ್ಮದು ಹಪ್ಪಳ ಮುರಿದಂತೆ ಕರಕರ ಅನ್ನುತ್ತಿತ್ತು. ‘ಜಾಯಿಂಟ್ ಕೆಟ್ಟದ ನೋಡವ್ವಾ’ ಅಂದರು.

ಆಮೇಲೆ ಅವರು ಮಾಡಿಸಿದ ಪರೀಕ್ಷೆ ನೋಡಿ ನಾನೇ ಬೆರಗಾದೆ. ಇದನ್ನು ನಿಮ್ಮ ಇಂಜಿನಿಯರ್ ಗಮನಿಸಿ ಓದಲಿ. ಮೋಡೆಮಿನ ಪೇಜ್ ತೆರೆದು ಕೂತೆ. ರಿಸೀವರ್ ಕೆಳಗಿದ್ದಾಗ ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಡೆಯಲು ಸಿಗ್ನಲ್ಲಿಗೆ ಉಳಿದಿರುವ ಬಲ, ಜಾಸ್ತಿ ಇದ್ದಷ್ಟೂ ಒಳ್ಳೆಯದು) 3 ಡೆಸಿಬಲ್. ಕಾಕಾ ರಿಸೀವರ್ ಎತ್ತಿ ಹಿಡಿದರು. ನೋಡುತ್ತಿದ್ದ ಹಾಗೇ ಅಂಕಿ ಏರಿ 9ಕ್ಕೆ ಬಂದು ನಿಂತಿತು. ನೆಟ್ ಸಹ ಸ್ವಲ್ಪ ಚುರುಕಾಯಿತು. ಇಟ್ಟರು. ಕೆಲವೇ ನಿಮಿಷದಲ್ಲಿ ಮತ್ತೆ 3. ಎತ್ತಿದರು, ಏರಿತು. ಇಟ್ಟರು, ಇಳಿಯಿತು. ಕಾರಣ ಅವರೇ ಹೇಳಿದರು. ರಿಸೀವರ್ ಕೆಳಗಿದ್ದಾಗ ಲೈನಿನಲ್ಲಿ 48 ವೋಲ್ಟ್ ಇದ್ದರೂ ಕರೆಂಟ್ ಹರಿಯುವುದಿಲ್ಲ. ಎತ್ತಿದ ಕೂಡಲೇ ಕೆಲವು ಹತ್ತು ಮಿಲಿಆಂಪ್ ಹರಿಯುತ್ತದೆ. ಕಿಲುಬು ಹಿಡಿದ ಜಾಯಿಂಟಿನ ಮೇಲಿನ ತೆಳು ಪದರವನ್ನು ಆ ಕರೆಂಟ್ ತೂರಿ ದಾರಿ ಮಾಡಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಲೈನ್ ಸರಿಯಾದಂತೆ ಕಾಣುತ್ತದೆ. ಗಟ್ಟಿ ಜಾಯಿಂಟ್ ಇರುವ ಲೈನಿನಲ್ಲಿ ಈ ಆಟ ನಡೆಯುವುದಿಲ್ಲ. ಯಾರಾದರೂ ಫೋನ್ ಮಾಡಿ ರಿಂಗ್ ಆದರೆ ನಮ್ಮ ನೆಟ್ ಕಟ್ ಆಗುವುದಕ್ಕೂ ಇದೇ ಮೂಲ, ರಿಂಗಿಗೆ ಬರುವ ಎಸಿ ವೋಲ್ಟೇಜ್ ಆ ಸಡಿಲ ಜಾಗವನ್ನು ಅಲ್ಲಾಡಿಸಿಬಿಡುತ್ತದೆ.

ನಂತರ ಹೊರಗೆ ಹೋಗಿ ಓಣಿಯ ತಿರುವಿನ ಕಂಬ ತೋರಿಸಿದರು. ಮನೆಮನೆಗೆ ಫೋನ್ ತಂತಿ ಹಂಚುವ ಅಲ್ಲಿನ ಡಿಪಿ ಬಾಕ್ಸಿಗೆ ಮುಚ್ಚಳವೇ ಇಲ್ಲ. ನಮ್ಮ ಮನೆಗೆ ಬರುವ ತಂತಿಯನ್ನು ಬಾಕ್ಸಿನಿಂದ ಒಂದು ಮೊಳ ಈಚೆಗೆ ಯಾರೋ ಕತ್ತರಿಸಿ, ಕೈಯಲ್ಲಿ ತಿರುವಿ, ಕರಿ ಟೇಪ್ ಸುತ್ತಿದ್ದಾರೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿದು. ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿ ನೇತಾಡುತ್ತಿದೆ. ಒಳಗಿನ ತಾಮ್ರ ಹಸಿರಾಗಿರುವುದು ಕೆಳಗೆ ನಿಂತರೂ ಕಾಣುತ್ತದೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ಫೋಟೊ ತೆಗೆದಿದ್ದೇನೆ. ಕಾಕಾ ಮನಸ್ಸು ಮಾಡಿದ್ದರೆ ಆಗಲೇ ಹತ್ತಿ ಕೂಡಿಸುತ್ತಿದ್ದರು. ಆದರೆ ‘ಕಂಪನಿ ಕಂಬ ಅದ, ನಾ ಮುಟ್ಟಂಗಿಲ್ಲ’ ಅಂದರು. ಸರಿಯಾದ ಮಾತು. ಅದು ನಿಮ್ಮ ಕೆಲಸ.

ನಿಮ್ಮ ಕಡೆಯಿಂದಲೂ ಹುಡುಗರು ಬಂದಿದ್ದರು, ಇಲ್ಲ ಅನ್ನುವುದಿಲ್ಲ. ಏಣಿ ಇಲ್ಲದೆ ಬರುತ್ತಾರೆ. ಮೋಡೆಮಿನ ಹಸಿರು ದೀಪ ನೋಡಿ ‘ನೆಟ್ ಬರ್ಲಿಕತ್ತದಲ್ರಿ’ ಅಂತಾರೆ, ಸಹಿ ಕೇಳುತ್ತಾರೆ. ಕಂಬದ ಸುದ್ದಿ ತೆಗೆದರೆ ಅದು ಬೇರೆ ಟೀಮಿನದಂತೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಬಿಸಿಲಲ್ಲಿ ಸುತ್ತುವವರು ಅವರೇ. ಸಿಟ್ಟಿರುವುದು ಆಫೀಸಿನಲ್ಲಿ ಕೂತು ಮಾಡಿರುವ ಇನ್ನೊಂದು ಕೆಲಸದ ಮೇಲೆ.

ನನ್ನ ಲೈನಿನ ಪ್ರೊಫೈಲನ್ನು, ಅಂದರೆ ವೇಗದ ಮಿತಿಯನ್ನು, ಎಕ್ಸ್‌ಚೇಂಜಿನಲ್ಲಿ 8ರಿಂದ 2ಕ್ಕೆ ಇಳಿಸಿದ್ದೀರಿ. ಲೈನ್ ಪದೇ ಪದೇ ಕಟ್ ಆಗಬಾರದೆಂದು ಹೀಗೆ ಮಾಡುವುದುಂಟು, ನಾಲ್ಕು ದಿನದ ಮಟ್ಟಿಗಾದರೆ ತಪ್ಪೂ ಅಲ್ಲ. ಆದರೆ ನನಗೊಂದು ಮಾತು ಹೇಳಲಿಲ್ಲ. ಬಿಲ್ ಮಾತ್ರ 8ರದ್ದೇ ಬರುತ್ತಿದೆ. ಬೇನೆ ಹಾಗೇ ಬಿಟ್ಟು ದೂರು ಮುಚ್ಚಿದಿರಿ. ಅದರಿಂದ ಪ್ರಯೋಜನವೂ ಆಗಿಲ್ಲ, ಮೋಡೆಮಿನ ಪೇಜೇ ಸಾಕ್ಷಿ. ಲೈನ್ ಅಟೆನ್ಯುಯೇಷನ್ (ದಾರಿಯಲ್ಲಿ ಸಿಗ್ನಲ್ ಸೊರಗುವ ಪ್ರಮಾಣ) 24 ಡೆಸಿಬಲ್ ಇದೆ, ಅಂದರೆ ಎಕ್ಸ್‌ಚೇಂಜಿನಿಂದ ಎರಡು ಕಿಲೋಮೀಟರಿನೊಳಗೇ ಇದ್ದೇವೆ. ಫೋನ್ ತಂತಿಯ ಮೇಲೇ ನೆಟ್ ಕಳಿಸುವ ಎಡಿಎಸ್‌ಎಲ್2 ಪ್ಲಸ್ ಹತ್ತಿರದ ಲೈನಿಗೆ 24 ಎಂಬಿಪಿಎಸ್‌ವರೆಗೆ ಕೊಡಬಲ್ಲ ತಂತ್ರಜ್ಞಾನ. ನಮ್ಮಷ್ಟು ದೂರಕ್ಕೆ 8 ದೊಡ್ಡ ಮಾತಲ್ಲ. ಪ್ರೊಫೈಲ್ 2ಕ್ಕೆ ಇಳಿಸಿದ ಮೇಲಂತೂ ಮಾರ್ಜಿನ್ ಸಲೀಸಾಗಿ 20ರ ಮೇಲಿರಬೇಕು. 3 ಇದೆ! 6ಕ್ಕಿಂತ ಕೆಳಗಿಳಿದರೆ ಲೈನ್ ನಿಲ್ಲುವುದು ಕಷ್ಟ ಎಂದು ನಿಮ್ಮವರೇ ಹೇಳುತ್ತಾರೆ.

ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಸಂಜೆ ನೀವು ನಮ್ಮ ಮನೆಗೆ ಕೊಡುತ್ತಿರುವುದನ್ನು ಆ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅನ್ನುವ ಹಾಗೂ ಇಲ್ಲ.

‘ತಾಮ್ರದ ಲೈನ್ ಹಳೇದಾಯ್ತು ಮೇಡಂ, ಫೈಬರ್ ತಗೊಳ್ರಿ’ ಅನ್ನುವುದು ನಿಮ್ಮವರ ಕೊನೆಯ ಮಾತು. ತಗೋತೀನಿ ಸ್ವಾಮಿ, ಬೇಡ ಅಂದವರು ಯಾರು? ಅರ್ಜಿ ಕೊಟ್ಟಾಗಿದೆ. ಮುಖ್ಯರಸ್ತೆವರೆಗೆ ಬಂದ ಫೈಬರ್ ನಮ್ಮ ಓಣಿಗೆ ತಿರುಗಿಲ್ಲ. ಅದು ಬರುವವರೆಗೆ ಈ ತಾಮ್ರದ ಮೇಲೇ ನೀವು ದುಡ್ಡು ತಗೊಳ್ಳುತ್ತಿದ್ದೀರಿ. ತಗೊಳ್ಳುವಷ್ಟು ದಿನ ಅದನ್ನು ಸರಿ ಇಡಬೇಕು, ಅಷ್ಟೇ ನನ್ನ ವಾದ.

ಈಗ ನನಗೆ ಬೇಕಾದ್ದು ಇಷ್ಟು. ಜಾಯಿಂಟ್ ಕೆಲಸ ಗೊತ್ತಿರುವವರನ್ನು ಕಳಿಸಿ. ಕಂಬದ ಹತ್ತಿರದ ತೇಪೆ ತಂತಿಯನ್ನು ಪೂರ್ತಿ ತೆಗೆದು, ಡಿಪಿಯಿಂದ ನಮ್ಮ ರೋಸೆಟ್‌ವರೆಗೆ ಒಂದೇ ತುಂಡಿನ ಹೊಸ ತಂತಿ ಎಳೆಯಲಿ. ಮಧ್ಯೆ ಕೂಡಿಸಲೇಬೇಕಾದರೆ ಟೇಪ್ ಬೇಡ, ಜೆಲ್ ತುಂಬಿದ ಕನೆಕ್ಟರ್ ಹಾಕಲಿ. ಬಾಕ್ಸಿಗೆ ಮುಚ್ಚಳ ಹಾಕಲಿ, ಓಣಿಯ ಉಳಿದವರ ಲೈನೂ ಅದರಲ್ಲೇ ಇದೆ. ಇಷ್ಟಾದರೂ ಕರಕರ ನಿಲ್ಲದಿದ್ದರೆ ರಸ್ತೆ ಬದಿಯ ನಿಮ್ಮ ಪಿಲ್ಲರ್ ಪೆಟ್ಟಿಗೆಯಿಂದ ಡಿಪಿವರೆಗಿನ ನೆಲದ ಕೇಬಲ್ ನೋಡಬೇಕು. ನಮ್ಮದು ಎರೆಮಣ್ಣಿನ ನೆಲ, ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಒಳಗಿನ ಜಾಯಿಂಟ್ ಎಳೆದಾಡುತ್ತದೆ. ಆಗ ಆ ಕೇಬಲ್ಲಿನಲ್ಲೇ ಬೇರೆ ಪೇರ್ (ಜೋಡಿ ತಂತಿ) ಕೊಡಿ.

ಕೆಲಸ ಮುಗಿದ ಮೇಲೆ ಮೀಟರ್ ಹಾಕಿ ಎರಡೂ ತಂತಿಯ ರೆಸಿಸ್ಟೆನ್ಸ್ ಅಳೆದು ಅಂಕಿಯನ್ನು ನನಗೆ ಬರೆದು ಕೊಡಲಿ. 0.5 ಮಿ.ಮೀ. ತಾಮ್ರವಾದರೆ ಹೋಗಿ ಬರುವ ಲೂಪಿಗೆ ಕಿಲೋಮೀಟರಿಗೆ ಸುಮಾರು 175 ಓಮ್ ಬರಬೇಕು, 0.4 ಮಿ.ಮೀ. ಆದರೆ 275ರ ಆಸುಪಾಸು. ಮುಖ್ಯವಾಗಿ ಎರಡು ತಂತಿಯೂ ಸಮ ಇರಬೇಕು. ಒಂದು ಜಾಸ್ತಿ ತೋರಿಸಿದರೆ ಇನ್ನೂ ಎಲ್ಲೋ ಕೆಟ್ಟ ಜಾಯಿಂಟ್ ಉಳಿದಿದೆ ಎಂದೇ ಅರ್ಥ. ಅದಾದ ಮೇಲೆ ಪ್ರೊಫೈಲನ್ನು 8ಕ್ಕೆ ಏರಿಸುವುದು ಮರೆಯಬೇಡಿ. ಅದನ್ನು ಮರೆತರೆ ಲೈನ್ ಬಂಗಾರದಂತಿದ್ದರೂ ನನಗೆ ಸಿಗುವುದು ಅದೇ 2.

ಪ್ರೊಫೈಲ್ ಇಳಿಸಿದ ದಿನದಿಂದ ಸರಿ ಮಾಡುವ ದಿನದವರೆಗಿನ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಡಿತ ಮಾಡಿ. ಆ ತಾರೀಖು ನಿಮ್ಮ ಸಿಸ್ಟಮ್ಮಿನಲ್ಲೇ ಇರುತ್ತದೆ. ಇನ್ನು ಮುಂದೆ ನಾನು ‘ಸರಿಯಾಗಿದೆ’ ಅನ್ನುವವರೆಗೆ ಈ ದೂರನ್ನು ಮುಚ್ಚಬೇಡಿ.

ಇದಕ್ಕೂ ಉತ್ತರ ಬರದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ದೂರು ಪರಿಹಾರ ನಿಯಮದಂತೆ ನಿಮ್ಮದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ, ಅದಕ್ಕೆ ಶುಲ್ಕವೂ ಇಲ್ಲ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಟೆಲಿಕಾಂ ಗ್ರಾಹಕರು ಅಲ್ಲಿಗೆ ಹೋಗಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಷ್ಟು ದೂರ ಹೋಗುವ ಆಸೆ ನನಗಿಲ್ಲ, ಪುರುಸೊತ್ತೂ ಇಲ್ಲ.

ನಿಮ್ಮವರು ಬೆಳಿಗ್ಗೆ ಹತ್ತರೊಳಗೆ ಬರಲಿ, ಆಮೇಲೆ ಕಂಬದ ಕಬ್ಬಿಣ ಮುಟ್ಟಲಾಗುವುದಿಲ್ಲ. 11 ಮತ್ತು 20ನೇ ತಾರೀಖು ಬಿಟ್ಟು ಯಾವ ದಿನವಾದರೂ ನಾನು ಮನೆಯಲ್ಲೇ ಇರುತ್ತೇನೆ. ಬರುವ ಮೊದಲು ಲ್ಯಾಂಡ್‌ಲೈನಿಗೆ ಬೇಡ, ಮೊಬೈಲಿಗೆ ಫೋನ್ ಮಾಡಲು ಹೇಳಿ. ಲ್ಯಾಂಡ್‌ಲೈನ್ ರಿಂಗ್ ಆದರೆ ನನ್ನ ನೆಟ್ ಹೋಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಡಿಪಿ ಬಾಕ್ಸ್ ಮತ್ತು ಜಾಯಿಂಟಿನ ಫೋಟೊಗಳು, ರಿಸೀವರ್ ಇಟ್ಟಾಗ, ಎತ್ತಿದಾಗ ತೆಗೆದ ಮೋಡೆಮ್ ಪೇಜಿನ ಚಿತ್ರಗಳು, ಹಿಂದಿನ ಡಾಕೆಟ್ ನಂಬರುಗಳು, ಇತ್ತೀಚಿನ ಬಿಲ್ಲಿನ ಪ್ರತಿ, ಫೈಬರ್ ಅರ್ಜಿಯ ಸ್ವೀಕೃತಿ.