ಸ್ಮೋಕರ್ ಯಾವುದು? ಶುಕ್ರವಾರದೊಳಗೆ ತಿಳಿಸಿ

ಡಲ್ಲಾಸ್ ಗೆಳೆಯರೆಲ್ಲರಿಗೂ ನಮಸ್ಕಾರ. ಇದ್ದಿಲಿನ ಸ್ಮೋಕರ್‌ಗೆ (ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ) ದುಡ್ಡು ಹಾಕುತ್ತಿರುವವರು ದಯವಿಟ್ಟು ಓದಿ.

ವೆಬರ್ ಕಂಪನಿಯ ಸ್ಮೋಕಿ ಮೌಂಟನ್ ಸ್ಮೋಕರ್ 14, 18, 22 ಇಂಚಿನಲ್ಲಿ ಬರುತ್ತದೆ. 22 ನಮಗೆ ಜಾಸ್ತಿಯಾಯಿತು. 14ಕ್ಕೆ ಇದ್ದಿಲು ಕಡಿಮೆ ಸಾಕು, ಕಾರಿನಲ್ಲೂ ಸುಲಭವಾಗಿ ಹೋಗುತ್ತದೆ. ಆದರೆ ಉದ್ದದ ರಿಬ್ಸ್ (ಪಕ್ಕೆಲುಬಿನ ಮಾಂಸ) ಕತ್ತರಿಸದೆ ಹಿಡಿಸುವುದಿಲ್ಲ. ನನ್ನ ಮತ 18ಕ್ಕೆ.

ಬೇರೆ ಕಂಪನಿಯದು ನೋಡುವವರು ಮುಚ್ಚಳ ಬಿಗಿಯಾಗಿ ಕೂರುತ್ತದಾ, ಗಾಳಿ ಕಿಂಡಿ ಸಲೀಸಾಗಿ ತಿರುಗುತ್ತದಾ ಅಂತ ಮೊದಲು ನೋಡಿ. 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಗಂಟೆಗಟ್ಟಲೆ ನಿಲ್ಲಬೇಕಲ್ವಾ! ಚುಚ್ಚುವ ಥರ್ಮಾಮೀಟರ್ ಕೂಡ ಬೇಕು, ಕೋಳಿ ಒಳಗೆ 165 ಮುಟ್ಟಲೇಬೇಕು. ಪನೀರ್, ಜೋಳ ಯಾವಾಗಲೂ ಮೇಲಿನ ಜಾಲರಿಗೆ, ಮಾಂಸದ ರಸ ತೊಟ್ಟಿಕ್ಕಬಾರದು.

ಗರಾಜ್‌ನಲ್ಲಿ ಖಂಡಿತ ಹಚ್ಚಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವಕ್ಕೆ ಅಪಾಯ.

14 ಅಥವಾ 18, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಶನಿವಾರ ತರುತ್ತೇವೆ.