ಗಡಿ ದಾಟಿದರೆ ತಪ್ಪು ಅಳಿಯದಿರಲಿ

ನೆರೆರಾಜ್ಯದಲ್ಲಿ ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದವರ ಚಾಲನಾ ಪರವಾನಗಿಗೂ ತವರು ರಾಜ್ಯದಲ್ಲಿ ಕುತ್ತು ಬರಲೇಬೇಕು. ವಾರಾಂತ್ಯ ಮುಗಿಸಿ ಗೋವಾದಿಂದ ಮರಳುವ ಕಾರುಗಳು ಹೆದ್ದಾರಿ 66ರಲ್ಲಿ ನುಗ್ಗುವ ಪರಿ ಕಂಡರೆ, ಗಡಿಯಂಚಿನ ನಮಗೆ ರಸ್ತೆ ದಾಟಲೂ ಜೀವ ಕೈಯಲ್ಲಿ ಹಿಡಿಯಬೇಕು.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ದೇಶಕ್ಕೆಲ್ಲ ಒಂದೇ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಾಂಶವಿದ್ದರೆ ಅಪರಾಧ. ಮೊದಲ ಸಲಕ್ಕೆ 10 ಸಾವಿರ ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ಹಣವುಳ್ಳವರಿಗೆ ದಂಡ ಪ್ರವಾಸದ ಖರ್ಚಿನಲ್ಲಿ ಒಂದು ಬಾಬತ್ತು ಅಷ್ಟೇ. ಅವರು ಅಂಜುವುದು ಪರವಾನಗಿ ಕಳೆದುಕೊಳ್ಳುವುದಕ್ಕೆ.

ಅಮೆರಿಕದ ಬಹುತೇಕ ರಾಜ್ಯಗಳು ಇದಕ್ಕಾಗಿಯೇ ಒಪ್ಪಂದ ಮಾಡಿಕೊಂಡಿವೆ. ಹೊರರಾಜ್ಯದಲ್ಲಿ ಈ ಅಪರಾಧ ಸಾಬೀತಾದರೆ, ಅದು ತನ್ನ ನೆಲದಲ್ಲೇ ನಡೆದಂತೆ ಪರಿಗಣಿಸಿ ತವರು ರಾಜ್ಯ ಪರವಾನಗಿಯನ್ನು ಅಮಾನತುಗೊಳಿಸುತ್ತದೆ. ಬೇರೆ ಬೇರೆ ಕಾನೂನುಗಳಿರುವ ಅಲ್ಲಿಯೇ ಸಾಧ್ಯವಾಗಿರುವಾಗ, ಒಂದೇ ಕಾಯ್ದೆಯಿರುವ ನಮಗೇನು ಅಡ್ಡಿ?

ನಮ್ಮಲ್ಲಿ ಬಹುತೇಕ ಪರವಾನಗಿಗಳ ವಿವರಗಳು ಕೇಂದ್ರ ಸರ್ಕಾರದ 'ಸಾರಥಿ' ಜಾಲತಾಣದಲ್ಲಿವೆ. ಶಿಕ್ಷೆಯಾದ ಪ್ರತಿ ಪ್ರಕರಣವನ್ನೂ ಅದರಲ್ಲಿ ದಾಖಲಿಸಿ, ಚಾಲಕನ ಊರಿನ ಆರ್‌ಟಿಒ 15 ದಿನಗಳೊಳಗೆ ಅಮಾನತು ಪ್ರಕ್ರಿಯೆ ಆರಂಭಿಸುವಂತೆ ಸಾರಿಗೆ ಇಲಾಖೆ ಆದೇಶಿಸಲಿ. ಗೋವಾ, ಕೇರಳ, ತಮಿಳುನಾಡಿನೊಂದಿಗೆ ಮಾತುಕತೆಗೂ ಕರ್ನಾಟಕವೇ ಮುಂದಾಗಲಿ.

– ಒಬ್ಬ ಓದುಗ, ಕಾರವಾರ